ಗಾಳಿಯಲ್ಲೂ ನಿಲ್ಲದ ಲೋಲಕ

ಮೇಷ್ಟರ ಲೋಲಕ ಮತ್ತೆ ಮಗುಚಿಕೊಂಡಿತು. ಮೂವತ್ತು ಡಿಗ್ರಿಗೆ ಎತ್ತಿ ಬಿಟ್ಟ ಗುಂಡು ಕಂಪ್ಯೂಟರಿನ ಪರದೆಯ ಮೇಲೆ ಮೊದಮೊದಲು ಮರ್ಯಾದೆಯಿಂದಲೇ ಆಚೆಗೊಮ್ಮೆ ಈಚೆಗೊಮ್ಮೆ ಹೋಗಿ ಬಂದು, ಆಮೇಲೆ ಯಾರೋ ಹುರಿದುಂಬಿಸಿದಂತೆ ಬಿಟ್ಟ ಜಾಗಕ್ಕಿಂತ ಕೂದಲೆಳೆಯಷ್ಟು ಮೇಲೇರಿ, ಮುಂದಿನ ಸಲ ಇನ್ನೂ ಸ್ವಲ್ಪ ಏರಿ, ಕೊನೆಗೆ ಮಾನ ಮರ್ಯಾದೆ ಎಲ್ಲ ಬಿಟ್ಟು ನೆತ್ತಿಯ ಮೇಲಿಂದ ಆ ಕಡೆಗೆ ಬಿದ್ದು ಫ್ಯಾನಿನಂತೆ ಗರಗರ ತಿರುಗತೊಡಗಿತು. ಮೇಷ್ಟರು ಗಡಿಬಿಡಿಯಿಂದ ಅದನ್ನು ಮುಚ್ಚಿ, ಯಾರಾದರೂ ನೋಡಿಬಿಟ್ಟರೇನೋ ಎಂದು ಸುತ್ತ ಕಣ್ಣಾಡಿಸಿದರು. ಪಕ್ಕದ ಕುರ್ಚಿಯ ಹುಡುಗಿ ನೋಡಿದ್ದಳು. ಉದ್ದ ಕತ್ತನ್ನು ಮುಂದಕ್ಕೆ ಚಾಚಿ ಕೂರುವ ಅವಳಿಗೆ ಮೇಷ್ಟರು ಮನಸ್ಸಿನಲ್ಲೇ ಕೊಕ್ಕರೆ ಎಂದು ಹೆಸರಿಟ್ಟಿದ್ದರು. ಕೊಕ್ಕರೆ ಕಿವಿಯಿಂದ ಹಾಡಿನ ತಂತಿ ತೆಗೆದು, "ಅಂಕಲ್, ನಂದೂ ಮೊದ್ಲು ಹೀಗೇ ಮಗುಚ್ತಿತ್ತು," ಎಂದಳು. ಸಮಾಧಾನ ಹೇಳುವುದೇ ಅವಳ ಉದ್ದೇಶ. ಆದರೆ ಲೋಲಕ ಮಗುಚಿದ್ದಕ್ಕಿಂತ ಆ ಅಂಕಲ್ ಎಂಬ ಮಾತು ಹೆಚ್ಚು ನಾಟಿತು. ಆಮೇಲೆ ಹೇಗೆ ಸರಿಹೋಯಿತು ಎಂದು ಒಂದು ಮಾತು ಕೇಳಿದ್ದರೆ ಅವಳು ಹೇಳುತ್ತಿದ್ದಳು. ಮೇಷ್ಟರು ಕೇಳಲಿಲ್ಲ. ತಾನು ಬೇಕೆಂದೇ ಮಗುಚಿ ನೋಡುತ್ತಿರುವುದಾಗಿ, ವಿಜ್ಞಾನದಲ್ಲಿ ಎಲ್ಲವನ್ನೂ ಪರೀಕ್ಷಿಸಿ ನೋಡಬೇಕೆಂಬುದಾಗಿ ಏನೇನೋ ಗೊಣಗಿ, ಅವಳು ತಂತಿಯನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಳ್ಳುವವರೆಗೂ ಗಂಭೀರವಾಗಿ ಗೋಡೆ ನೋಡುತ್ತಾ ಕುಳಿತರು.

ಗೋಡೆಯಲ್ಲಿ ಹಳೆಯ ಕೊಕ್ಕೆಗಳು ಇನ್ನೂ ಇದ್ದವು. ಕಂಪ್ಯೂಟರುಗಳು ಬರುವ ಮೊದಲು, ವಿಶ್ವವಿದ್ಯಾಲಯದ ಇದೇ ಕೋಣೆಯಲ್ಲಿ, ಇದೇ ಕೊಕ್ಕೆಗೆ ದಾರ ಕಟ್ಟಿ ಹಿತ್ತಾಳೆಯ ಗುಂಡು ತೂಗುಬಿಟ್ಟು ಅವರು ಪದವಿ ಪಡೆದದ್ದು. ಆಗ ಇಲ್ಲಿ ಕಿಟಕಿಗೆ ಕಪ್ಪು ಪರದೆಗಳಿದ್ದವು, ಮರದ ಉದ್ದ ಮೇಜುಗಳಿದ್ದವು, ಯಾವಾಗಲೂ ಸ್ಪಿರಿಟ್ಟಿನ ವಾಸನೆ. ಈಗ ಏನೂ ವಾಸನೆಯಿಲ್ಲ, ಅಷ್ಟೇ ಅಲ್ಲ, ಏನೂ ಒಡೆಯುವುದೂ ಇಲ್ಲ. ಏನೂ ಒಡೆಯದ ಪ್ರಯೋಗಶಾಲೆ ಎಂಥ ಪ್ರಯೋಗಶಾಲೆ ಎಂದು ಮೊದಲ ದಿನ ಮನೆಯಲ್ಲಿ ನಗೆಯಾಡಿದ್ದರು. ಒಡೆಯುವುದು ಏನೆಂದು ಎರಡನೆಯ ವಾರದ ಹೊತ್ತಿಗೆ ತಿಳಿಯಿತು. ಒಂದು ಆವರಣ ಚಿಹ್ನೆ ಮರೆತರೆ ಸಾಕು, ಯಂತ್ರ ಕೆಂಪು ಅಕ್ಷರದಲ್ಲಿ ತಪ್ಪು ಎಂದು ಬರೆದು ತಪ್ಪಾದ ಸಾಲನ್ನೂ ಬೊಟ್ಟು ಮಾಡಿ ತೋರಿಸುತ್ತಿತ್ತು. ಇಷ್ಟು ವರ್ಷ ಕೆಂಪು ಪೆನ್ನು ಹಿಡಿದು ಮಕ್ಕಳ ಪುಸ್ತಕ ತಿದ್ದಿದವರು ಮೇಷ್ಟರು. ಕೆಂಪು ಬಣ್ಣ ತಮ್ಮ ಕಡೆಗೂ ಹರಿಯಬಲ್ಲದು ಎಂದು ಅವರಿಗೆ ಹೊಳೆದೇ ಇರಲಿಲ್ಲ. ಆದರೂ ಆ ಕೆಂಪು ವಾಸಿ. ಲೋಲಕದ ವಿಷಯದಲ್ಲಿ ಯಂತ್ರ ಬಾಯೇ ಬಿಡುತ್ತಿರಲಿಲ್ಲ. ಎಲ್ಲ ಸರಿಯಿದೆ ಎಂದು ಒಪ್ಪಿಕೊಂಡು, ಗುಂಡನ್ನು ನೆತ್ತಿಗೇರಿಸಿ ತಿರುಗಿಸುತ್ತಿತ್ತು.

ಶಾಲೆಯಲ್ಲಿ ಹೊಸ ನಿಯಮ ಬಂದಿತ್ತು. ಮೇಲಿನ ತರಗತಿಗಳಿಗೆ ಭೌತಶಾಸ್ತ್ರ ಹೇಳುವವರು ವಿಶ್ವವಿದ್ಯಾಲಯದ ಈ ಕೋರ್ಸು ಮುಗಿಸಬೇಕು, ಪ್ರೋಗ್ರಾಂ ಬರೆದು ಲೆಕ್ಕ ಬಿಡಿಸಲು ಬರಬೇಕು. ಬಾರದಿದ್ದವರು ಕೆಳಗಿನ ತರಗತಿಗೆ. ನಿಮಗೇನು ಸಾರ್ ಇದು ಎಡಗೈ ಕೆಲಸ ಎಂದು ಹೆಡ್ ಮೇಡಂ ನಕ್ಕಿದ್ದರು. ಕೆಳಗಿನ ತರಗತಿ ಎಂದರೆ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟುತ್ತದೆ, ಮರದ ಪುಡಿ ಅಂಟುವುದಿಲ್ಲ, ಮುಗಿಯಿತು. ನ್ಯೂಟನ್ನನಿಲ್ಲ, ಲೋಲಕವಿಲ್ಲ, ಶಕ್ತಿಯ ನಿತ್ಯತೆ ಇಲ್ಲ. ಶಕ್ತಿಯ ನಿತ್ಯತೆಯ ಪಾಠ ಮೇಷ್ಟರ ಜೀವ. ಇದ್ದದ್ದು ಹೆಚ್ಚಾಗುವುದಿಲ್ಲ, ಕಡಿಮೆಯಾಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೇ, ಎಂದು ಹೇಳುವಾಗ ಅವರ ದನಿ ತಾನಾಗಿ ತಗ್ಗುತ್ತಿತ್ತು, ಹಿಂದಿನ ಬೆಂಚಿನವರೂ ಕತ್ತೆತ್ತುತ್ತಿದ್ದರು. ಆ ಪಾಠವನ್ನು ಇನ್ನು ಮುಂದೆ ಬೇರೆ ಯಾರೋ ಹೇಳುತ್ತಾರೆ. ಈಗ ನೋಡಿದರೆ, ಅದೇ ಮೇಷ್ಟರ ಲೋಲಕ ಎಲ್ಲಿಂದಲೋ ಶಕ್ತಿ ಕದ್ದು ತರುತ್ತಿದೆ. ನಾಳೆ ಮಧ್ಯಾಹ್ನ ಪರೀಕ್ಷೆ.

ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಈ ಲ್ಯಾಬಿನಲ್ಲಿ ಮೇಜಿನಿಂದ ಮೇಜಿಗೆ ಓಡಾಡಿ ಹೇಳಿಕೊಡುವವಳು ಮೇಷ್ಟರ ನಾದಿನಿ, ಹೆಂಡತಿಯ ಕೊನೆಯ ತಂಗಿ. ಮೇಷ್ಟರು ಮದುವೆಯಾದಾಗ ಹಲ್ಲು ಬಿದ್ದ ಮೂರು ಮೊಳದ ಹುಡುಗಿ. ರಜೆ ಬಂದರೆ ಅಕ್ಕನ ಮನೆಗೆ ಬಂದು ಭಾವನ ಹಿಂದೆ ಹಿಂದೆ ಸುತ್ತುತ್ತಿದ್ದಳು. ಒಂದು ಮಧ್ಯಾಹ್ನ ಮೇಷ್ಟರು ಬೀಗದ ಕೈ ಗೊಂಚಲಿಗೆ ದಾರ ಕಟ್ಟಿ ಬಾಗಿಲ ಚೌಕಟ್ಟಿಗೆ ತೂಗುಬಿಟ್ಟು, ನೋಡು ಪುಟ್ಟಿ, ಇದು ಲೋಲಕ ಎಂದಿದ್ದರು. ಅದು ಆಡಿ ಆಡಿ ನಿಂತಾಗ ಪುಟ್ಟಿ ಯಾಕೆ ನಿಂತಿತು ಎಂದಳು. ಗಾಳಿ ತಡೆಯುತ್ತೆ ಎಂದರು. ಗಾಳಿ ಇಲ್ಲದಿದ್ದರೆ? ನಿಲ್ಲೋದೇ ಇಲ್ಲ. ಪುಟ್ಟಿ ತಕ್ಷಣ ಎದ್ದು ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ, ಸೆಕೆಯಲ್ಲಿ ಬೆವರುತ್ತಾ, ಗೊಂಚಲ ಮುಂದೆ ಕಾದು ಕುಳಿತಿದ್ದಳು. ಅದನ್ನು ಹೇಳಿ ಹೇಳಿ ಮೇಷ್ಟರು ಅವಳನ್ನು ಎಷ್ಟು ವರ್ಷ ಗೋಳು ಹೊಯ್ದುಕೊಂಡಿದ್ದಾರೆ! ಈಗ ಅವಳು ಅದೇ ಮನೆಯ ಮೇಲಿನ ಕೋಣೆಯಲ್ಲಿದ್ದುಕೊಂಡು ಸಂಶೋಧನೆ ಮಾಡುತ್ತಿದ್ದಾಳೆ. ಇಲ್ಲಿ ಮಾತ್ರ ಎಲ್ಲರಿಗೂ ಮೇಡಂ. ಕೋರ್ಸು ಶುರುವಾಗುವ ಹಿಂದಿನ ದಿನ ಅಡುಗೆಮನೆಯಲ್ಲಿ ಅವಳೇ ಒಪ್ಪಂದ ಮಾಡಿಕೊಂಡಿದ್ದಳು. "ಲ್ಯಾಬಲ್ಲಿ ನಾನು ನಿಮ್ಮ ಮೇಜಿನ ಹತ್ರ ಜಾಸ್ತಿ ನಿಲ್ಲಲ್ಲ ಭಾವ. ನೀವು ಬಾಯಿಬಿಟ್ಟು ಕೇಳಿದ್ರೆ, ಎಲ್ಲರಿಗೂ ಹೇಳೋಷ್ಟು ಹೇಳ್ತೀನಿ. ಮನೇಲಿ ಹೇಳಿಕೊಟ್ರು ಅಂತ ಜನ ಆಡ್ಕೋಬಾರ್ದು." ನೀನು ನನಗೆ ಹೇಳಿಕೊಡೋದಾ ಎಂದು ಮೇಷ್ಟರು ಬಿದ್ದು ಬಿದ್ದು ನಕ್ಕಿದ್ದರು. ಹಾಗೆ ನಕ್ಕ ಮೇಲೆ ಬಾಯಿಬಿಟ್ಟು ಕೇಳುವುದು ಹೇಗೆ? ಇಡೀ ಕೋರ್ಸಿನಲ್ಲಿ ಅವರು ಒಮ್ಮೆಯೂ ಕೇಳಲಿಲ್ಲ. ಅವಳು ಹತ್ತಿರ ಬರುವುದು ಕಂಡರೆ ಸಾಕು, ಎಲ್ಲ ಅರ್ಥವಾದವರ ಮುಖ ಹೊತ್ತು ಕೀಲಿಗಳನ್ನು ಬೇಕಾಬಿಟ್ಟಿ ಕುಟ್ಟುತ್ತಿದ್ದರು. ಆಮೇಲೆ ಅವಳು ದಾಟಿ ಹೋದಳೆಂದು ಖಾತ್ರಿಯಾದಾಗ ಕುಟ್ಟಿದ್ದನ್ನೆಲ್ಲ ಒಂದೊಂದಾಗಿ ಅಳಿಸುತ್ತಿದ್ದರು.

ಆ ಸಂಜೆಯೂ ಅವಳು ಸಾಲಿನ ಆ ತುದಿಯಲ್ಲಿದ್ದಳು. ಮೇಷ್ಟರು ತಮ್ಮ ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಮತ್ತೆ ಓದಿದರು. ಅದನ್ನು ಅವರು ಲ್ಯಾಬ್ ರೆಕಾರ್ಡಿನ ಕೋಷ್ಟಕದ ಹಾಗೇ ಕಟ್ಟಿದ್ದರು. ಒಂದೊಂದು ಕ್ಷಣಕ್ಕೆ ಒಂದೊಂದು ಸಾಲು, ಸಾಲಿನಲ್ಲಿ ಕೋನ ಮತ್ತು ವೇಗ. ಹಿಂದಿನ ಸಾಲಿನ ಕೋನ, ಹಿಂದಿನ ಸಾಲಿನ ವೇಗ, ಇವೆರಡರಿಂದ ಹೊಸ ಸಾಲು. ನಿಯಮ ಸರಿ, ಚಿಹ್ನೆ ಸರಿ, ಗುರುತ್ವ 9.8. ಎಲ್ಲಿಯೂ ತಪ್ಪಿಲ್ಲ. ತಪ್ಪಿಲ್ಲದ್ದರಿಂದ ತಪ್ಪು ಹುಟ್ಟುತ್ತಿರುವುದನ್ನು ನೋಡುತ್ತಾ ಕುಳಿತಿದ್ದಾಗ, ಗೋಡೆಯ ಕೊಕ್ಕೆಗಳ ಕಡೆಯಿಂದ ಒಂದು ಹಳೆಯ ಉಪಾಯ ಮೆಲ್ಲನೆ ನಡೆದು ಬಂದು ಪಕ್ಕದಲ್ಲಿ ಕುಳಿತಿತು. ಆ ಕೊಕ್ಕೆಗಳಿಗೆ ದಾರ ಕಟ್ಟಿದ ಯಾರಿಗೂ ಗುರುತ್ವ ನಿಜವಾಗಿ 9.8 ಬಂದದ್ದಿಲ್ಲ. ಒಬ್ಬನಿಗೆ ಹತ್ತೂವರೆ, ಒಬ್ಬಳಿಗೆ ಒಂಬತ್ತೂ ಇಲ್ಲ. ಆದರೆ ರೆಕಾರ್ಡಿನಲ್ಲಿ ಎಲ್ಲರದ್ದೂ 9.8. ಉತ್ತರವನ್ನು ಮೊದಲು ಬರೆದುಕೊಂಡು ಹಿಂದಕ್ಕೆ ನಡೆದು ಹೋಗಿ ಅಳತೆಗಳನ್ನು ಕೂಡಿಸುವುದು ಒಂದು ಕಲೆ. ಆಗ ಇಡೀ ತರಗತಿ ಮೇಷ್ಟರ ಹತ್ತಿರ ಅದನ್ನು ಕಲಿಯಲು ಬರುತ್ತಿತ್ತು. ಅದನ್ನು ಮೋಸ ಎಂದು ಯಾರೂ ಕರೆಯುತ್ತಿರಲಿಲ್ಲ. ಲೋಕಕ್ಕೆ ಗೊತ್ತಿರುವ ನಿಜಕ್ಕೆ ಒಂದು ಕೈ ಕೊಡುವುದು, ಅಷ್ಟೇ. ಮೇಷ್ಟರು ಬೆರಳು ಮುರಿದುಕೊಂಡು, ಪ್ರೋಗ್ರಾಮಿನ ಕೊನೆಯಲ್ಲಿ ಒಂದೇ ಒಂದು ಸಾಲು ಸೇರಿಸಿದರು. ಯಾವ ಕಡೆಗೇ ಆಗಲಿ ಕೋನ ಮೂವತ್ತನ್ನು ಮೀರಿತೋ, ಹಿಡಿದು ಮೂವತ್ತಕ್ಕೇ ತಂದು ನಿಲ್ಲಿಸು, ವೇಗವನ್ನು ಸೊನ್ನೆ ಮಾಡು. ಎಂಟರ್ ಒತ್ತಿದರು. ಗುಂಡು ಆಚೆ ಹೋಯಿತು, ಈಚೆ ಬಂತು, ಮತ್ತೆ ಆಚೆ, ಮತ್ತೆ ಈಚೆ. ಇಷ್ಟು ಸುಂದರವಾದ ಲೋಲಕವನ್ನು ಆ ಕೋಣೆ ಕಂಡಿರಲಿಕ್ಕಿಲ್ಲ. ಕೊಕ್ಕರೆ ಇಣುಕಿ ನೋಡಿ ಹೆಬ್ಬೆರಳು ಎತ್ತಿ ತೋರಿಸಿದಳು. ಮೇಷ್ಟರಿಗೂ ಅದೇನೋ ಹುರುಪು ಬಂದು ತಾವೂ ಹೆಬ್ಬೆರಳು ಎತ್ತಿದರು.

ಊಟಕ್ಕೆ ಕುಳಿತಾಗ ಹುರುಪು ಇನ್ನೂ ಇತ್ತು. ಹೆಂಡತಿ ನಾಳೆಯ ಪರೀಕ್ಷೆಯ ಮಾತೆತ್ತಿದರೆ, ಪರೀಕ್ಷೆ ಇರೋದು ಪ್ರೊಫೆಸರಿಗೆ, ನನಗಲ್ಲ ಎಂದು ನಗಿಸಿದರು. ನಾದಿನಿ ತಟ್ಟೆಯಿಂದ ಕತ್ತೆತ್ತಿ, "ಭಾವ, ಮಗುಚೋದು ನಿಂತಿತಾ?" ಎಂದು ಕೇಳಿದಳು. ಅಂದರೆ ಅವಳು ನೋಡಿದ್ದಾಳೆ. ಇಷ್ಟು ದಿನವೂ ನೋಡುತ್ತಲೇ ಇದ್ದಳು, ಒಪ್ಪಂದಕ್ಕಾಗಿ ಸುಮ್ಮನಿದ್ದಳು. ಮೇಷ್ಟರು ಅನ್ನ ಕಲಸುತ್ತಾ, "ಈಗ ಶಿಸ್ತಾಗಿ ಆಡ್ತಿದೆ," ಎಂದರು. ಅವಳ ಮುಖ ಅರಳಿಬಿಟ್ಟಿತು. ಅಕ್ಕನ ಕಡೆ ತಿರುಗಿ, ನಾನು ಹೇಳಿರಲಿಲ್ವಾ, ಭಾವನೇ ಕಂಡುಹಿಡೀತಾರೆ ಅಂತ, ಯಾರನ್ನೂ ಕೇಳಲಿಲ್ಲ ನೋಡು ಎಂದು ಹೆಮ್ಮೆಯಿಂದ ಹೇಳಿಕೊಂಡಳು. ಅವಳು ಹೀಯಾಳಿಸಿದ್ದರೆ ಚೆನ್ನಾಗಿತ್ತು. ಹೀಯಾಳಿಕೆಗೆ ಮೇಷ್ಟರ ಹತ್ತಿರ ಹತ್ತು ಉತ್ತರಗಳು ಸದಾ ಸಿದ್ಧ. ಕಿಟಕಿ ಬಾಗಿಲು ಮುಚ್ಚಿಕೊಂಡು ಬೆವರುತ್ತಾ ಕುಳಿತಿದ್ದಾಗಲೂ ಅವಳ ಮುಖ ಹೀಗೇ ಇತ್ತು, ಭಾವ ಹೇಳಿದ ಮೇಲೆ ಅದು ನಿಜವೇ ಎಂಬ ಹಾಗೆ. ಅನ್ನಕ್ಕೆ ಇನ್ನೊಂದು ಸಲ ಉಪ್ಪು ಹಾಕಿಕೊಂಡದ್ದು ಮೇಷ್ಟರಿಗೆ ತಿಳಿಯಲೇ ಇಲ್ಲ.

ಪರೀಕ್ಷೆ ಮಾಡುವ ಪ್ರೊಫೆಸರಿಗೆ ಹುಡುಗರು ದಶಮಾಂಶ ಎಂದು ಹೆಸರಿಟ್ಟಿದ್ದರು. ಉತ್ತರದಲ್ಲಿ ಬೇಡದ ಅಂಕಿ ಒಂದು ಹೆಚ್ಚಿದ್ದರೂ ಮಾರ್ಕ್ಸ್ ಕತ್ತರಿಸುವ ಸಣ್ಣ ದೇಹದ, ಸಣ್ಣ ದನಿಯ ಮನುಷ್ಯ. ವಯಸ್ಸಿನಲ್ಲಿ ಮೇಷ್ಟರಿಗಿಂತ ಚಿಕ್ಕವರು. ಕುರ್ಚಿ ಎಳೆದುಕೊಂಡು ಮೇಷ್ಟರ ಬಲಕ್ಕೆ ಕುಳಿತರು. ನಾದಿನಿ ಹಾಳೆ ಹಿಡಿದು ಹಿಂದೆ ನಿಂತಳು. ಮೇಷ್ಟರು ಎಂಟರ್ ಒತ್ತಿದರು. ಗುಂಡು ಆಚೆ ಈಚೆ ಆಡಿತು. ದಶಮಾಂಶರು ತಲೆ ಅಲ್ಲಾಡಿಸುತ್ತಾ ನೋಡಿದರು, ಲೋಲಕದ ತಾಳಕ್ಕೇ ಅಲ್ಲಾಡಿಸುತ್ತಿರುವಂತೆ ಕಂಡಿತು. ಮೇಷ್ಟರಿಗೆ ನಗು ಬಂದು ತಡೆದುಕೊಂಡರು. ಇನ್ನೇನು ಮುಗಿಯಿತು, ಮೇಲಿನ ತರಗತಿಗಳು ಉಳಿದವು ಎನ್ನುವಷ್ಟರಲ್ಲಿ ದಶಮಾಂಶರು ತಮ್ಮ ಸಣ್ಣ ದನಿಯಲ್ಲಿ, ಚೆನ್ನಾಗಿದೆ, ಸ್ವಲ್ಪ ಗಾಳಿ ಸೇರಿಸಿ ಎಂದರು. ಗಾಳಿ ಎಂದರೆ ವೇಗಕ್ಕೆ ಅಡ್ಡಬರುವ ಒಂದು ಚಿಕ್ಕ ಪದ, ಘರ್ಷಣೆಯ ಪದ. ಅದನ್ನು ಸೇರಿಸಲು ಮೇಷ್ಟರಿಗೆ ಬರುತ್ತಿತ್ತು. ಸೇರಿಸಿದರು. ಗುಂಡು ಆಚೆ ಹೋಯಿತು, ಈಚೆ ಬಂತು. ಮೂವರೂ ಅದು ನಿಧಾನವಾಗುವುದನ್ನು ಕಾದರು. ಗುಂಡಿಗೆ ಅವಸರವಿರಲಿಲ್ಲ. ಆಗಲೇ ಪರೀಕ್ಷೆ ಮುಗಿಸಿದ್ದ ಹಿಂದಿನ ಮೇಜಿನವರು ಎದ್ದು ಹೋದರು. ದಶಮಾಂಶರು ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಗುಂಡು ಗಾಳಿಯಿದೆ ಎಂಬುದೇ ಕಿವಿಗೆ ಬೀಳದವರಂತೆ, ಅದೇ ಮೂವತ್ತು ಡಿಗ್ರಿಯವರೆಗೆ ಏರಿ, ಅದೇ ಮೂವತ್ತು ಡಿಗ್ರಿಯಿಂದ ಇಳಿಯುತ್ತಿತ್ತು. ಗಾಳಿ ತೆಗೆದುಕೊಂಡಷ್ಟನ್ನೂ ಅದು ಎಲ್ಲಿಂದಲೋ ತಂದು ತುಂಬಿಕೊಳ್ಳುತ್ತಿತ್ತು. ಉಳಿದದ್ದನ್ನು ಮೇಷ್ಟರ ಆ ಒಂದು ಸಾಲು ಮುಚ್ಚಿ ಹಾಕುತ್ತಿತ್ತು.

"ಇದು ನಿಲ್ಲುತ್ತಾ?" ಎಂದು ದಶಮಾಂಶರು ಕೇಳಿದರು. ನಿಲ್ಲುತ್ತೆ ಸಾರ್ ಎಂದರು ಮೇಷ್ಟರು. ಕಂಪ್ಯೂಟರು ಹಳೆಯದು ಎನ್ನಲೇ, ಕರೆಂಟು ಹೋಗಬಾರದೇ, ಕೊಕ್ಕರೆ ಎಲ್ಲಾದರೂ ತಂತಿ ಎಡವಿ ಎಲ್ಲ ಆರಿಸಬಾರದೇ ಎಂದು ಮನಸ್ಸು ಬಾಗಿಲಿಂದ ಬಾಗಿಲಿಗೆ ಓಡಿತು. ದಶಮಾಂಶರು ಮೌಸ್ ಹಿಡಿದು ಪ್ರೋಗ್ರಾಮನ್ನು ಮೇಲಕ್ಕೆ ಸರಿಸುತ್ತಾ ಹೋಗಿ, ಕೊನೆಯಲ್ಲಿದ್ದ ಆ ಸಾಲಿನ ಮೇಲೆ ನಿಲ್ಲಿಸಿದರು. ಓದಿದರು. ಮೇಷ್ಟರನ್ನು ನೋಡಲಿಲ್ಲ, ತಿರುಗಿ ಹಿಂದೆ ನಿಂತವಳನ್ನು ನೋಡಿದರು. "ಮೇಡಂ, ಇವರು ನಿಮ್ಮ ಭಾವ ಅಂತೆ. ಇದನ್ನ ನೀವು ನೋಡಿದ್ರಾ?" ನಾದಿನಿ ಪರದೆಯ ಕಡೆ ಬಗ್ಗಿದಳು. ಅವಳು ಆ ಸಾಲನ್ನು ಈಗಷ್ಟೇ ಓದುತ್ತಿದ್ದಳು. ಓದಿ ಮುಗಿದದ್ದು ಅವಳ ಮುಖದಲ್ಲಿ ಕಂಡಿತು. ನೋಡಿಲ್ಲ ಎಂದರೆ ಯಾರು ನಂಬುತ್ತಾರೆ, ಒಂದೇ ಮನೆಯಲ್ಲಿ ಉಣ್ಣುವವರು. ಮೇಷ್ಟರಿಗೆ ತಮ್ಮ ತರಗತಿಗಳೂ ನ್ಯೂಟನ್ನನೂ ಒಮ್ಮೆಗೇ ಮರೆತುಹೋದವು. ಕಿಟಕಿ ಮುಚ್ಚಿದ ಆ ಮನೆ, ಬೆವರಿದ ಆ ಹಣೆ ಮಾತ್ರ ಕಣ್ಣಿಗೆ ಬಂತು.

"ಅವರು ನೋಡಿಲ್ಲ ಸಾರ್. ನಾನು ಯಾರಿಗೂ ತೋರಿಸಲಿಲ್ಲ," ಎಂದರು ಮೇಷ್ಟರು. "ನನ್ನ ಲೋಲಕ ಮಗುಚ್ತಿತ್ತು. ಯಾಕೆ ಅಂತ ತಿಳೀಲಿಲ್ಲ. ಕೇಳಕ್ಕೆ ನಾಚಿಕೆ ಆಯ್ತು. ಅದಕ್ಕೆ ಹಿಡಿದು ಕಟ್ಟಿಹಾಕಿದೆ."

ಹೇಳಿ, ಯಾರೂ ಕೇಳದೆಯೇ, ಆ ಸಾಲನ್ನು ಅಳಿಸಿ ಎಂಟರ್ ಒತ್ತಿದರು. ಕಟ್ಟು ಬಿಚ್ಚಿದ ಗುಂಡು ಗಾಳಿಯಲ್ಲೇ ಮೇಲೆ ಮೇಲೆ ಏರತೊಡಗಿತು. ಮೇಷ್ಟರು ಈ ಸಲ ಅದನ್ನು ಮುಚ್ಚಲಿಲ್ಲ. ನಾಚಿಕೆಯೆಲ್ಲ ಒಂದೇ ಏಟಿಗೆ ಖರ್ಚಾಗಿ ಹೋಗಿ, ಒಳಗೆ ಒಂದು ಬಗೆಯ ಕುತೂಹಲ ಮಾತ್ರ ಉಳಿದಿತ್ತು. ನಿಜವಾಗಿ ಇದು ಯಾಕೆ ಹೀಗೆ ಏರುತ್ತದೆ? ಇಷ್ಟು ದಿನ ಅವರು ಅದನ್ನು ಬಚ್ಚಿಡುವುದರಲ್ಲೇ ಮುಳುಗಿದ್ದರು, ಸರಿಯಾಗಿ ನೋಡಿಯೇ ಇರಲಿಲ್ಲ. ದಶಮಾಂಶರು ಹಾಳೆಯಲ್ಲಿ ಏನೋ ಬರೆದು, ಇವತ್ತಿನದಕ್ಕೆ ಮಾರ್ಕ್ಸ್ ಕೊಡಲು ಆಗುವುದಿಲ್ಲ, ಸೋಮವಾರ ಇನ್ನೊಂದು ಸಲ ಬನ್ನಿ, ಆಗ ಲೋಲಕವಲ್ಲ, ಸೂರ್ಯನ ಸುತ್ತ ಸುತ್ತುವ ಗ್ರಹ ಎಂದರು. ಆಮೇಲೆ ಏಳುತ್ತಾ, ಇವರ ಪರೀಕ್ಷೆ ಮುಗಿಯಿತು ಮೇಡಂ, ಈಗ ಹೇಳಿಕೊಟ್ಟರೆ ಯಾರೂ ಆಡಿಕೊಳ್ಳುವುದಿಲ್ಲ ಎಂದು ಮುಂದಿನ ಮೇಜಿಗೆ ಹೋದರು.

ನಾದಿನಿ ಆ ಕುರ್ಚಿಯಲ್ಲಿ ಕುಳಿತಳು. ಗುಂಡು ಏರಿ ಏರಿ ಈಗ ಅಡ್ಡಕ್ಕೆ ಬಂದಿತ್ತು.

"ಇದು ಯಾಕೆ ಹೀಗಾಗುತ್ತೆ ಪುಟ್ಟಿ?" ಎಂದು ಮೇಷ್ಟರು ಕೇಳಿದರು.

ಅವಳು ಉತ್ತರ ಹೇಳಲಿಲ್ಲ, ತಿರುಗಿ ಪ್ರಶ್ನೆಯನ್ನೇ ಕೇಳಿದಳು. ಥೇಟ್ ಮೇಷ್ಟರೇ ತರಗತಿಯಲ್ಲಿ ಮಾಡುವ ಹಾಗೆ. ಹೊಸ ಜಾಗಕ್ಕೆ ಗುಂಡನ್ನು ಸರಿಸುತ್ತೀರಲ್ಲ, ಯಾವ ವೇಗದಿಂದ ಎಂದಳು. ಹಿಂದಿನ ಸಾಲಿನ ವೇಗದಿಂದ ಎಂದರು ಮೇಷ್ಟರು. ಆ ವೇಗ ಇನ್ನೂ ಇದೆಯಾ ಎಂದಳು. ಮೇಷ್ಟರು ಪರದೆ ನೋಡಿದರು. ಮೇಲೇರುತ್ತಿರುವ ಗುಂಡು ಆಗಲೇ ಒಂದು ಚೂರು ನಿಧಾನವಾಗಿರುತ್ತದೆ. ತಾವು ಮಾತ್ರ ಅದನ್ನು ಹಳೆಯ ವೇಗದಲ್ಲೇ ಮುಂದಕ್ಕೆ ತಳ್ಳುತ್ತಿದ್ದಾರೆ. ಒಂದೊಂದು ಸಾಲಿಗೂ ಒಂದೊಂದು ಚೂರು ಸಾಲ ಏರುತ್ತಿದೆ. ಮೇಷ್ಟರು ಹಣೆ ಚಚ್ಚಿಕೊಂಡರು. ವೇಗದ ಸಾಲನ್ನು ಮೇಲಕ್ಕೆ ತಂದು, ಮೊದಲು ಅದನ್ನು ಲೆಕ್ಕ ಹಾಕಿ, ಆ ಹೊಸ ವೇಗದಿಂದಲೇ ಕೋನವನ್ನು ಸರಿಸಿದರು. ಇಷ್ಟೇ. ಗುಂಡು ಮೂವತ್ತರಿಂದ ಹೊರಟು, ಆಚೆ ಹೋಗಿ, ಈಚೆ ಬರುವಾಗ ಒಂದು ಎಳೆ ಕಡಿಮೆ, ಮತ್ತೆ ಒಂದು ಎಳೆ ಕಡಿಮೆ, ಹೀಗೆ ಗಾಳಿಗೆ ಕೊಡಬೇಕಾದದ್ದನ್ನು ಕೊಡುತ್ತಾ ಸಣ್ಣದಾಗುತ್ತಾ ಬಂತು. ಇಬ್ಬರೂ ಮೊಣಕೈ ಊರಿ ನೋಡುತ್ತಾ ಕುಳಿತರು. ಕೊನೆಗೆ ಅದು ನಡುವೆ ಬಂದು ನಿಂತಿತು. ಮೇಷ್ಟರಿಗೆ ಇಷ್ಟು ಸಂತೋಷ ಯಾವತ್ತು ಆಗಿತ್ತೋ ನೆನಪಾಗಲಿಲ್ಲ. ಒಂದು ವಸ್ತು ನಿಂತದ್ದಕ್ಕೆ ಕುಣಿಯಬೇಕೆನ್ನಿಸಿತು. ಮನೆಗೆ ಹೋಗುವಾಗ ನಾದಿನಿ, ಗ್ರಹಾನೂ ಇದೇ ತರ ಕೈಕೊಟ್ಟು ಓಡಿಹೋಗುತ್ತೆ ಭಾವ, ಹುಷಾರು ಎಂದಳು. ಅಕ್ಕನಿಗೆ ಏನು ಹೇಳುತ್ತೀಯ ಎಂದರು ಮೇಷ್ಟರು. ಎಲ್ಲವನ್ನೂ, ಎಂದಳು ಅವಳು ನಿಷ್ಕರುಣೆಯಿಂದ. ಇಷ್ಟು ವರ್ಷ ಕಿಟಕಿ ಬಾಗಿಲಿನ ಕಥೆ ಕೇಳಿದವಳಿಗೆ ಈಗ ಸರಿಸಮನಾದ ಕಥೆ ಸಿಕ್ಕಿತ್ತು.

ಮರುದಿನ ಶಾಲೆಯಲ್ಲಿ ಮೇಲಿನ ತರಗತಿಗೆ ಲೋಲಕದ ಪ್ರಯೋಗ. ಸೋಮವಾರದವರೆಗಂತೂ ಅದು ಮೇಷ್ಟರದ್ದೇ. ಮೇಜುಗಳ ನಡುವೆ ಓಡಾಡುತ್ತಾ ಹೋದವರು ಕಿಟಕಿ ಪಕ್ಕದ ಒಬ್ಬ ಹುಡುಗಿಯ ಹತ್ತಿರ ನಿಂತರು. ಅಚ್ಚುಕಟ್ಟಿನ ಹುಡುಗಿ, ಗೆರೆಗಳೆಲ್ಲ ನೇರ, ಅಕ್ಷರ ಮುತ್ತು. ಹಾಳೆಯ ಕೆಳಗೆ, ಚೌಕದೊಳಗೆ, ಗುರುತ್ವ 9.8 ಎಂದು ಬರೆದು ಎರಡು ಗೆರೆ ಎಳೆದಿದ್ದಳು. ದಾರದ ಉಂಡೆ, ಗುಂಡು, ಗಡಿಯಾರ ಮೂರೂ ಮೇಜಿನ ಮೇಲೆ ಕೈತಾಗದೆ ಬಿದ್ದಿದ್ದವು.

"ದಾರ ಇನ್ನೂ ಕಟ್ಟೇ ಇಲ್ಲವಲ್ಲಮ್ಮ," ಎಂದರು ಮೇಷ್ಟರು.

"ಕಟ್ಟಿದ್ರೂ ಅಷ್ಟೇ ಬರ್ಬೇಕು ಸಾರ್," ಎಂದಳು ಹುಡುಗಿ. "ಹೇಗೆ ತರೋದು ಅಂತ ನೀವೇ ಹೇಳಿಕೊಟ್ರಲ್ಲ."

ಅವಳ ದನಿಯಲ್ಲಿ ತುಂಟತನವಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಕಲಿತ ಹುಡುಗಿ. ಮೇಷ್ಟರು ಸುತ್ತ ನೋಡಿದರು. ಎಲ್ಲ ಮೇಜಿನ ಮೇಲೂ ಅದೇ ಚೌಕ, ಅದೇ 9.8. ಅವರ ಕಿವಿ ಬಿಸಿಯಾಯಿತು. ಅವಳ ಪಕ್ಕದ ಸ್ಟೂಲಿನ ಮೇಲೆ ಕುಳಿತು, ದಾರ ಅಳೆದು, ಗುಂಡಿಗೆ ಗಂಟು ಹಾಕಿ, ತೂಗುಬಿಟ್ಟು, ಅವಳ ಕೈಗೆ ಗಡಿಯಾರ ಕೊಟ್ಟರು. ಇಬ್ಬರೂ ಎಣಿಸಿದರು, ಲೆಕ್ಕ ಹಾಕಿದರು. ಹತ್ತು ಬಿಂದು ಆರು ಬಂತು. ಹುಡುಗಿಯ ಕೈ ಅಭ್ಯಾಸಬಲದಿಂದ ರಬ್ಬರಿನ ಕಡೆ ಹೋಯಿತು. ಮೇಷ್ಟರು ಅವಳಿಗಿಂತ ಮೊದಲೇ ಅದನ್ನು ಎತ್ತಿ ತಮ್ಮ ಜೇಬಿಗೆ ಹಾಕಿಕೊಂಡರು.

"ಯಾಕೆ ಸಾರ್ ಜಾಸ್ತಿ ಬಂತು?" ಎಂದಳು ಅವಳು, ಅಳು ಬರುವವಳಂತೆ.

"ಗೊತ್ತಿಲ್ಲಮ್ಮ," ಎಂದರು ಮೇಷ್ಟರು. ಇಡೀ ತರಗತಿ ತಿರುಗಿ ನೋಡಿತು. "ಇನ್ನೊಂದು ಸಲ ಬಿಡು, ನೋಡೋಣ."

ಅವಳು ಗುಂಡನ್ನು ಎತ್ತಿ ಹಿಡಿದಳು. ಮೇಷ್ಟರು ಎದ್ದು ಹೋಗಿ, ಗಾಳಿ ಆಡಲಿ ಎಂದು ಕಿಟಕಿ ತೆರೆದಿಟ್ಟು ಬಂದರು.